ಯಾವ ಊರಿನ ಲೆಕ್ಕಕ್ಕೂ ಸೇರದ ಮಂದೆ

ಈ ಪುಷ್ಯಮಾಸದ ಒಂದು ಮುಂಜಾವಿನಲ್ಲಿ, ಸಂಚಿಕೆಯ ಕರಡಚ್ಚುಗಳನ್ನು ಕಂಕುಳಲ್ಲಿಟ್ಟುಕೊಂಡು ಬೊಮ್ಮನಹಳ್ಳಿಯಿಂದ ಬೇಗೂರಿನ ಕಡೆಗೆ ನಡೆದಿದ್ದ ನಮಗೆ, ಕಂಪನಿಗಳ ಬಸ್ಸುಗಳ ಸಾಲನ್ನು ಇಬ್ಭಾಗಿಸಿಕೊಂಡು ರಸ್ತೆ ದಾಟುತ್ತಿದ್ದ ಕುರಿಮಂದೆಯೊಂದು ಎದುರಾಯಿತು. ಹಿಂದೆ ಬರುತ್ತಿದ್ದ ವೃದ್ಧರ ಕಂಬಳಿಯ ಮಡಿಕೆಯೊಳಗಿಂದ, ಹಿಂದಿನ ರಾತ್ರಿ ಹುಟ್ಟಿದ ಮರಿಯೊಂದು ಇನ್ನೂ ಜೋತುಬಿದ್ದಿದ್ದ ಕಿವಿಗಳನ್ನು ಹೊರಚಾಚುವುದು, ಹಾರ್ನಿನ ಸದ್ದಿಗೆ ಬೆದರಿ ಮತ್ತೆ ಮುದುಡಿಕೊಳ್ಳುವುದು, ಹೀಗೆ ಮಾಡುತ್ತಿದ್ದಿತು. ಎಲ್ಲಿಗೆ ಪ್ರಯಾಣವೆಂದು ಕೇಳಿದ್ದಕ್ಕೆ, "ಹೋದ ವರ್ಷ ಮಂದೆ ನಿಲ್ಲಿಸಿದ್ದ ಹೊಲ ಇಲ್ಲೇ ಇತ್ತು ಸ್ವಾಮಿ, ಈಗ ಕಾಂಪೌಂಡು ಎದ್ದೈತೆ" ಎಂದಷ್ಟೇ ಹೇಳಿ, ತಾಯಿಕುರಿಯ ಕೂಗಿಗೆ ಅವರು ತಿರುಗಿದರು.

ರಾಗಿ ಕೊಯ್ದ ಹೊಲದಲ್ಲಿ ರಾತ್ರಿ ಕುರಿಗಳನ್ನು ನಿಲ್ಲಿಸಿ, ಅವುಗಳ ಹಿಕ್ಕೆ ಗಂಜಲಗಳಿಂದ ನೆಲಕ್ಕೆ ಸತ್ತ್ವವನ್ನು ತುಂಬಿಸಿಕೊಂಡು, ಪ್ರತಿಯಾಗಿ ಕುರಿಗಾಹಿಗೆ ಧಾನ್ಯವನ್ನೋ ಹಣವನ್ನೋ ಕೊಡುವ ಪದ್ಧತಿಯು ನಮ್ಮ ಬಯಲುಸೀಮೆಯ ಕೃಷಿಯ ಜೀವನಾಡಿಯಾಗಿದ್ದಿತು. ಆ ಕರಾರಿಗೆ ಕಾಗದವಿರಲಿಲ್ಲ. ಬಾಯಿಮಾತೇ ಪತ್ರ, ವರ್ಷವರ್ಷವೂ ಅದೇ ಹೊಲಕ್ಕೆ ಮರಳಿ ಬರುವ ಹೆಜ್ಜೆಯೇ ಸಾಕ್ಷಿ. ಹೊಲವು ನಿವೇಶನವಾದೊಡನೆ ಆ ಸಾಕ್ಷಿಯೂ ಅಳಿದುಹೋಗುತ್ತದೆ.

ಪ್ರತಿ ಗ್ರಾಮದಲ್ಲಿಯೂ ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಕಾದಿರಿಸತಕ್ಕದ್ದೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ವಿಧಿಸುತ್ತವೆ. ವಿಧಿಯು ಸದುದ್ದೇಶದ್ದೇ, ಆದರೆ ಅದು ಎಣಿಸುವುದು ಊರಿನಲ್ಲಿ ನೆಲೆನಿಂತ ದನವನ್ನು. ಎಂಟು ತಿಂಗಳು ದಾರಿಯಲ್ಲಿಯೇ ಕಳೆಯುವ ಮಂದೆ ಯಾವ ಊರಿನ ಲೆಕ್ಕಕ್ಕೆ ಸೇರಬೇಕು? ಒಡೆತನವನ್ನು ಬೇಡದೆ, ಹಾದುಹೋಗುವ ದಾರಿಯನ್ನೂ ಒಂದಿರುಳ ತಂಗುವಿಕೆಯನ್ನೂ ಮಾತ್ರ ಬೇಡುವವನ ಹಕ್ಕಿಗೆ ಪಹಣಿಯಲ್ಲಿ ಕಾಲಮ್ಮೇ ಇಲ್ಲವೆಂಬುದನ್ನು ನಾವು ಈ ವಿಷಯದ ಮೂಲವ್ಯಥೆಯೆಂದು ತಿಳಿದಿದ್ದೇವೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಾವಲುಗಳೆಂಬ ಹುಲ್ಲುಗಾವಲುಗಳ ಕಥೆ ಇದಕ್ಕಿಂತ ದೊಡ್ಡದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ರಾಸುಗಳ ಇಲಾಖೆಯಾಗಿದ್ದ ಬೆಣ್ಣೆಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು; ಅದರ ರಾಸುಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳಲ್ಲಿ ಕಾಲಾಂತರದಲ್ಲಿ ಕುರುಬರ, ಕಾಡುಗೊಲ್ಲರ ಕುರಿಗಳೂ ಮೇಯುತ್ತ ಬಂದುವು. ಅಲ್ಲಿ ಹುಲ್ಲೂ ಇದ್ದಿತು, ಹುಲ್ಲುಬಯಲಿನ ಎರ್ಲಡ್ಡು ಹಕ್ಕಿಯೂ ಇದ್ದಿತು, ಕಾಡುಗೊಲ್ಲರ ವೀರ ಜುಂಜಪ್ಪನ ಕಥನವನ್ನು ಗಣೆಯೆಂಬ ಕೊಳಲನ್ನೂದಿ ಹಾಡುವ ಜನರೂ ಇದ್ದರು. ಈ ಶತಮಾನದ ಮೊದಲ ದಶಕದ ಕೊನೆಯ ವೇಳೆಗೆ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನಗಳ ಸಂಸ್ಥೆಗಳಿಗೆ ಹಂಚಲಾಯಿತು, ಗೋಡೆಗಳೆದ್ದುವು, ಹಳ್ಳಿಗರ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನ ಬೇಡವೆನ್ನುವವರು ನಾವಲ್ಲ. ಆದರೆ ಆ ನೆಲವು ಬರಿದೆಂದು ಭಾವಿಸಿದ್ದು ತಪ್ಪೆಂದು ನಿಸ್ಸಂಶಯವಾಗಿ ಹೇಳುತ್ತೇವೆ.

ಇತ್ತ ನಾವು ಮಂದೆಯನ್ನು ಕಂಡ ಕಡೆಯದೂ ಇದೇ ಕಥೆ: 1978ರಲ್ಲಿ 332 ಎಕರೆಗಳಲ್ಲಿ ಮೊದಲಾದ ಎಲೆಕ್ಟ್ರಾನಿಕ್ ಸಿಟಿಗೂ ಬೆಂಗಳೂರು ನಗರಕ್ಕೂ ನಡುವೆ ಸಿಕ್ಕಿಕೊಂಡ ಬೊಮ್ಮನಹಳ್ಳಿಯು 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಲೀನವಾಯಿತು. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿಯಿತು. ಈ ನಡುವೆ ವಿಶ್ವಸಂಸ್ಥೆಯು 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಹಾಗೂ ಪಶುಪಾಲಕರ ವರ್ಷವೆಂದು ಸಾರಿದೆ. ಮಂಗೋಲಿಯದ ಬಯಲಿಗೆ ಸಲ್ಲುವ ಆ ಗೌರವ ಶಿರಾ, ಹಿರಿಯೂರುಗಳ ಕುರಿಗಾಹಿಗಳಿಗೂ ಸಲ್ಲಬೇಕಾದರೆ, ಅವರ ವಲಸೆಯ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸ ಮೊದಲಾಗಬೇಕು; ದಾರಿಯ ಕೆರೆಗಳಲ್ಲಿ ಕುರಿಗೆ ನೀರು, ಮಂದೆ ಇದ್ದಲ್ಲಿಗೇ ಪಶುವೈದ್ಯರು, ಇಷ್ಟಾದರೂ ದೊರೆಯಬೇಕು.

ಈ ಸಂಚಿಕೆ ಓದುಗರ ಕೈಸೇರುವ ವೇಳೆಗೆ ಆ ಮಂದೆ ಆನೇಕಲ್ಲನ್ನು ದಾಟಿರಬಹುದು. ಕಂಬಳಿಯ ಮರಿ ಈಗ ತಾಯಿಯ ಹಿಂದೆ ತಾನೇ ನಡೆಯುತ್ತಿರಬೇಕು.