ಮಾಯದ ಗಾಯದ ಪಾಠ

ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಚರ್ಮದ ಕ್ಯಾನ್ಸರ್ ಬಗ್ಗೆ ಚಾರ್ಟ್ ಮಾಡಲು ಹೊರಟರೆ ಮೊದಲು ಕೈಗೆ ಸಿಗುವುದು ಎ-ಬಿ-ಸಿ-ಡಿ-ಇ ಸೂತ್ರ. ಮಚ್ಚೆಯ ಎರಡು ಅರ್ಧಗಳು ಹೊಂದದಿರುವುದು, ಅಂಚು ಅಂಕುಡೊಂಕಾಗಿರುವುದು, ಬಣ್ಣ ಒಂದೇ ಇಲ್ಲದಿರುವುದು, ಅಗಲ 6 ಮಿ.ಮೀ. ದಾಟುವುದು, ರೂಪ ಬದಲಾಗುತ್ತ ಹೋಗುವುದು: ಈ ಲಕ್ಷಣಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳವು. ನಾಲ್ಕನ್ನು 1985ರಲ್ಲಿ ನ್ಯೂಯಾರ್ಕಿನ ವೈದ್ಯರು ರೂಪಿಸಿದರು, ಐದನೆಯದು 2004ರಲ್ಲಿ ಸೇರಿತು. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ರೋಗಿಗಳಿಗೂ ಇದನ್ನೇ ಕಲಿಸುತ್ತಾರೆ. ಸ್ಪ್ಯಾನಿಷ್‌ನಲ್ಲೂ ಆ ಪದಗಳು ಅವೇ ಅಕ್ಷರಗಳಿಂದ ಶುರುವಾಗುವುದು ಅವರ ಪುಣ್ಯ. ನಾವು 'ಅಸಮಮಿತಿ' ಎಂದು ಬರೆದು ಪಕ್ಕಕ್ಕೆ 'ಎ' ಹಾಕಿದರೆ ಮಗು ಎರಡನ್ನೂ ಕಂಠಪಾಠ ಮಾಡುತ್ತದೆ. ಮನೆಗೆ ಹೋಗಿ ಅಜ್ಜಿಗೆ ಹೇಳಲು ಏನೂ ಉಳಿಯುವುದಿಲ್ಲ.

ಭಾಷೆಗಿಂತ ದೊಡ್ಡ ತೊಡಕು ಚಿತ್ರದ್ದು. ಬಿಳಿ ಮೈ, ಕಡಲತೀರ, ಸನ್‌ಸ್ಕ್ರೀನ್ ಬಾಟಲಿ. ನಮ್ಮ ಚರ್ಮದ ಮೆಲನಿನ್ ಬಿಸಿಲಿನಿಂದ ಸಾಕಷ್ಟು ಕಾಪಾಡುತ್ತದೆ. ಮಚ್ಚೆಯಂತೆ ಕಾಣುವ ಮೆಲನೋಮ ನಮ್ಮಲ್ಲಿ ಅಪರೂಪ; ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಇನ್ನು ಸೊಂಟದ ವಿಷಯ. ಧೋತರ ಬಿಗಿದು ಕಟ್ಟುವ ಜಾಗದಲ್ಲಿ ವರ್ಷಗಟ್ಟಲೆ ಚರ್ಮ ಉಜ್ಜಿ ಹುಟ್ಟುವ ಕ್ಯಾನ್ಸರನ್ನು ಮುಂಬಯಿಯ ವಿ.ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಷ್ಟು ಹಿಂದೆಯೇ ದಾಖಲಿಸಿದ್ದಾರೆ. ಪರಕಾರದ ಲಾಡಿ ಉಜ್ಜಿ ಬರುವುದಕ್ಕೆ ಸೀರೆ ಕ್ಯಾನ್ಸರ್ ಎಂಬ ಹೆಸರೇ ಇದೆ. ಅದೂ ಅಪರೂಪವೇ. ಆದರೆ ಲಾಡಿಯ ಕಪ್ಪು ಗುರುತು ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಅಲ್ಲಿ ಸಿಪ್ಪೆ ಎದ್ದು, ಹುಣ್ಣಾಗಿ, ಮಾಯದೇ ಉಳಿದರೆ ಅರಿಷಿಣ ಹಚ್ಚಿ ಸುಮ್ಮನಿರಬಾರದು. ಹಳೆಯ ಸುಟ್ಟ ಗಾಯದ ಕಲೆಯಲ್ಲಿ ಎದ್ದ ಹುಣ್ಣಿಗೂ ಇದೇ ಮಾತು.

'ಮಾಯುವುದು' ಎಂಬ ಪದ ನಮ್ಮಲ್ಲಿದೆ. ಪಾಠ ಅಲ್ಲಿಂದ ಶುರುವಾಗಲಿ ಎಂಬುದು ನನ್ನ ವಾದ. ಕರ್ಜಗಿಯಲ್ಲಿ ಅಭ್ಯಾಸ ಬೋಧನೆಯ ಹೊತ್ತಿಗೆ ಎಂಟನೆಯ ತರಗತಿಗೆ ಕೇಳಿದೆ: ಗಾಯ ಮಾಯಾಕ ಎಷ್ಟ್ ದಿನ ಬೇಕು? ಎಂಟು ದಿನ, ಹದಿನೈದು ದಿನ ಎಂದರು. ತಿಂಗಳಾದರೂ ಮಾಯದಿದ್ದರೆ? "ದವಾಖಾನಿಗೆ ಹೋಗಬೇಕ್ರಿ." ನೋವೇ ಇಲ್ಲದಿದ್ದರೆ? "ಹಂಗಾದ್ರ ಯಾಕ ಹೋಗಬೇಕ್ರಿ?" ಇಡೀ ಪಾಠ ಈ ಕೊನೆಯ ಪ್ರಶ್ನೆಯಲ್ಲಿದೆ. ಕ್ಯಾನ್ಸರ್ ಆರಂಭದಲ್ಲಿ ನೋಯದೇ ಇರಬಹುದು ಎಂಬುದನ್ನು ಎ-ಬಿ-ಸಿ-ಡಿ-ಇ ಹೇಳುವುದೇ ಇಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಶಾಲೆಗಳಲ್ಲಿ ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಕ್ಕಳೂ ಇದ್ದಾರೆ. ಅವರಿಗೆ ಕನ್ನಡ ಚಾರ್ಟ್ ಕೂಡ ಪರಭಾಷೆಯದೇ. 'ಮಾಯದ ಗಾಯಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ, ಕೇಳಿಕೊಂಡು ಬನ್ನಿ' ಎಂಬ ಮನೆಗೆಲಸ ಕೊಡಬಹುದು. ಪದ ತರಲು ಹೋದ ಮಗು ವಿಷಯವನ್ನು ಮನೆಗೆ ಮುಟ್ಟಿಸಿರುತ್ತದೆ.

ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರ್ ಇಲ್ಲಿ ಹೆಚ್ಚಿರುವಾಗ ಚರ್ಮದ್ದೇಕೆ ಎಂದು ಮಾರ್ಗದರ್ಶಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಳಗೆನ್ನೆಯ ಹುಣ್ಣೂ ಮಾಯದ ಹುಣ್ಣೇ, ಎರಡನ್ನೂ ಒಂದೇ ಅವಧಿಯಲ್ಲಿ ಕಲಿಸಬಹುದು.

ಪಾಠ ವೀಕ್ಷಣಾ ನಮೂನೆಯಲ್ಲಿ ಚಾರ್ಟಿನ ಅಂದಕ್ಕೆ, ಕಪ್ಪುಹಲಗೆಯ ಬಳಕೆಗೆ ಅಂಕವಿದೆ. ಕಲಿತದ್ದನ್ನು ಮಗು ಮನೆಮಾತಿನಲ್ಲಿ ಹೇಳಿತೇ ಎಂಬುದಕ್ಕೂ ಒಂದು ಸಾಲು ಸೇರಿಸಬೇಕೆಂದು ನಮ್ಮ ಪ್ರಾಧ್ಯಾಪಕರಲ್ಲಿ ಕೋರುತ್ತೇನೆ. ಚಾರ್ಟಿಗೆ ಅಂಗಾಲು, ಸೊಂಟ, ಒಳಗೆನ್ನೆ, ಈ ಮೂರು ಚಿತ್ರ ಸಾಕು.