ಸಂಘವೂ ಸದಸ್ಯನೂ

ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ. ಕಾರ್ಮಿಕ ಸಂಘಗಳ ಹುಟ್ಟಿಗೆ ಈ ಲೋಕಾನುಭವವೇ ಮೂಲ. 1926ರ ಕಾಯಿದೆ ಅವುಗಳಿಗೆ ಶಾಸನದ ಮನ್ನಣೆ ನೀಡಿತು. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ವೇತನಕ್ಕಾಗಿ ಹೂಡಿದ ಮುಷ್ಕರ 77 ದಿನಗಳವರೆಗೆ ನಡೆಯಿತು. ಅಂಥ ಹೋರಾಟವನ್ನು ಸಂಘಟನೆಯಲ್ಲದೆ ಬೇರಾವುದು ತಾನೇ ನಡೆಸಬಲ್ಲದು?

ಆದರೆ ವಜಾ ಆದೇಶವನ್ನು ಕೈಯಲ್ಲಿ ಹಿಡಿದು ಬಂದ ಒಬ್ಬ ಸದಸ್ಯನ ಮುಂದೆ ಇದೇ ಸಂಘ ಎಷ್ಟೋ ವೇಳೆ ತಡವರಿಸುತ್ತದೆ. ಅದು ಹಲವರ ಹಿತವನ್ನು ತೂಗಿ ನಡೆಯಬೇಕು. ಒಬ್ಬನಿಗಾಗಿ ಎಲ್ಲರ ಒಪ್ಪಂದವನ್ನು ಪಣಕ್ಕಿಡಲಾರದು. ದೂರಿತ್ತವನೂ ದೂರಿಗೆ ಗುರಿಯಾದವನೂ ಸದಸ್ಯರೇ ಆದರೆ ಅದು ಯಾರ ಪರ ನಿಲ್ಲಬೇಕು? ಪದಾಧಿಕಾರಿಗಳೆಲ್ಲ ಕಾಯಿದೆ ಬಲ್ಲವರೂ ಅಲ್ಲ. ಇವು ಮಿತಿಗಳೇ ಹೊರತು ದ್ರೋಹವಲ್ಲ. ಮಿತಿಯನ್ನು ಮುಚ್ಚಿಟ್ಟು ಭರವಸೆ ನೀಡುವುದು ಮಾತ್ರ ದ್ರೋಹವೇ ಸರಿ. ಅದನ್ನು ನಂಬಿ ಕುಳಿತವನಿಗೆ ದೂರು ಸಲ್ಲಿಸುವ ಗಡುವೇ ಮೀರಿಹೋಗಬಹುದು.

ಶಾಸನವೂ ಈ ಕೊರತೆಯನ್ನು ಮನಗಂಡಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಡಿ, ಸಂಘವಾಗಲಿ ಸಹೋದ್ಯೋಗಿಗಳಾಗಲಿ ಕೈಗೆತ್ತಿಕೊಳ್ಳದ ಒಬ್ಬನ ವಜಾ ಪ್ರಕರಣ ಕೈಗಾರಿಕಾ ವಿವಾದವೆನಿಸುತ್ತಿರಲಿಲ್ಲ. 1965ರಲ್ಲಿ 2ಎ ಕಲಮು ಸೇರಿದ ಮೇಲೆ, ಯಾವ ಸಂಘವೂ ಬೆನ್ನಿಗಿಲ್ಲದಿದ್ದರೂ ಅದಕ್ಕೆ ಮನ್ನಣೆ ದೊರೆಯಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ. ಆದರೆ ಈ ಬಾಗಿಲು ತೆರೆದಿರುವುದು ಕೆಲಸ ಕಳೆದುಕೊಂಡವನಿಗೆ ಮಾತ್ರ; ಬಡ್ತಿ, ವರ್ಗಾವಣೆಗಳಂಥ ಅಳಲಿಗೆ ಹಲವರ ಬೆಂಬಲ ಬೇಕೇ ಬೇಕು.

ಹಾಗಾದರೆ ಒಬ್ಬೊಬ್ಬನೂ ತನ್ನ ದಾರಿ ತಾನು ನೋಡಿಕೊಂಡರೆ ಸಾಲದೆ? ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಸೀಮೆಯನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಅಲ್ಲಿ ಬೆಳೆಗಾರನಿಗೆ ತಂಬಾಕು ಮಂಡಳಿಯ ನೋಂದಣಿ ಉಂಟು, ಹರಾಜು ಕಟ್ಟೆ ಉಂಟು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ರಾತ್ರಿಯೆಲ್ಲ ಒಲೆಗೆ ಸೌದೆ ಒಡ್ಡುವ ಕೂಲಿಯಾಳಿಗೆ ಸಾಮಾನ್ಯವಾಗಿ ನೇಮಕದ ಪತ್ರವೂ ಇರುವುದಿಲ್ಲ. ಹಂಗಾಮು ಮುಗಿದೊಡನೆ ಆಳುಗಳು ಚದುರಿಹೋಗುತ್ತಾರೆ. ಕೂಲಿಯಲ್ಲಿ ಕಡಿತವಾದರೆ ಜೊತೆಗೆ ನಿಂತು ಕೇಳುವವರು ವಿರಳ. ಅರೆಬಲದ ಸಂಘಕ್ಕಿಂತ ಸಂಘವೇ ಇಲ್ಲದ ಬಾಳು ಇನ್ನೂ ಕಷ್ಟ.

ಆದುದರಿಂದ ಸಂಘವು ತನ್ನಿಂದ ಆಗುವುದನ್ನೂ ಆಗದುದನ್ನೂ ಸದಸ್ಯನಿಗೆ ಮೊದಲ ದಿನವೇ ತಿಳಿಸಬೇಕು. ಆಗದಿದ್ದರೆ ವಕೀಲರ ಬಳಿಗೋ ಕಾರ್ಮಿಕ ಇಲಾಖೆಗೋ ದಾರಿ ತೋರಬೇಕು. ಸದಸ್ಯನೂ ವಂತಿಗೆ ಕೊಟ್ಟ ಮಾತ್ರಕ್ಕೆ ಕೈಕಟ್ಟಿ ಕೂರದೆ, ಸಂಬಳದ ಚೀಟಿ, ಆದೇಶಪತ್ರಗಳನ್ನು ಜೋಪಾನವಾಗಿಟ್ಟು ಸಭೆಗಳಲ್ಲಿ ಬಾಯಿಬಿಟ್ಟು ಮಾತನಾಡಬೇಕು. ಹಳ್ಳವಾಗುವುದು ಹನಿಗಳಿಂದ, ಹನಿಯನ್ನು ಮರೆತ ಹಳ್ಳ ಬಹುಕಾಲ ಹರಿಯದು.