ಕಟ್ಟದೇ ಉಳಿಸಿಕೊಂಡ ಚರ್ಚು

ಲಂಡನ್ ಸೇತುವೆಯಿಂದ ಲಂಡನ್ ಟವರ್ ಕಡೆಗೆ ಹೋಗುವಾಗ, ಎತ್ತರದ ಕಚೇರಿ ಕಟ್ಟಡಗಳ ನಡುವೆ ಒಂದು ಏರುದಾರಿ ಸಿಗುತ್ತದೆ. ಅಲ್ಲಿದೆ ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್. ಗೋಡೆಗಳಿವೆ, ಸೂರಿಲ್ಲ, ಕಿಟಕಿಗಳಿವೆ, ಗಾಜಿಲ್ಲ. ಕಿಟಕಿಯ ಸಪೂರ ಕಲ್ಲುಪಟ್ಟಿಗಳ ಸಂದಿನಲ್ಲಿ ತೂರಿದ ಬಳ್ಳಿ ಗೋಡೆಯುದ್ದಕ್ಕೂ ಹಬ್ಬಿದೆ. ಭಕ್ತರು ಮಂಡಿಯೂರುತ್ತಿದ್ದ ಜಾಗದಲ್ಲೀಗ ಪುಟ್ಟದೊಂದು ಕಾರಂಜಿ, ಸುತ್ತ ಬೆಂಚುಗಳು. ಅಕ್ಕಪಕ್ಕದ ಕಚೇರಿಗಳವರು ಮಧ್ಯಾಹ್ನ ಬುತ್ತಿ ಬಿಚ್ಚುವುದು ಇಲ್ಲೇ.

ಸುಮಾರು 1100ರಲ್ಲಿ ಹುಟ್ಟಿದ ಈ ಚರ್ಚು 1666ರ ಮಹಾ ಅಗ್ನಿ ದುರಂತದಲ್ಲಿ ತೀವ್ರವಾಗಿ ಹಾಳಾಯಿತು. ಪೂರ್ತಿ ಕೆಡವಿ ಕಟ್ಟುವ ಬದಲು ಜನ ಅದನ್ನೇ ರಿಪೇರಿ ಮಾಡಿಕೊಂಡರು. 1695ರಿಂದ 1701ರ ನಡುವೆ ಕ್ರಿಸ್ಟೋಫರ್ ರೆನ್ ಅದಕ್ಕೊಂದು ಗೋಪುರ ಕೊಟ್ಟ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ದುಂಡು ಗುಮ್ಮಟ ಕಟ್ಟಿದವನು ಇಲ್ಲಿ ಗಾಥಿಕ್ ಶೈಲಿಗೆ ಒಲಿದದ್ದು ಹಳೆಯ ಚರ್ಚಿಗೆ ಹೊಂದಲೆಂದು. ನಾಲ್ಕು ಮೂಲೆಗಳಿಂದ ಬಾಗಿ ಎದ್ದ ಕಲ್ಲಿನ ಕಮಾನುಗಳು ನಡುವೆ ಸೂಜಿಯಂಥ ಶಿಖರವನ್ನು ಎತ್ತಿ ಹಿಡಿದಿವೆ. ಕೆಳಗೆ ನಿಂತು ನೋಡಿದರೆ ಶಿಖರದಡಿ ಆಕಾಶವೇ ಕಾಣುತ್ತದೆ.

ಗೋಪುರ ಗಟ್ಟಿಯಾಗಿ ನಿಂತಿತು, ಚರ್ಚು ನಿಲ್ಲಲಿಲ್ಲ. ಚಾವಣಿಯ ಭಾರಕ್ಕೆ ಗೋಡೆಗಳು 7 ಅಂಗುಲ ಹೊರವಾಲಿದವು. 1817ರಲ್ಲಿ ವಾಸ್ತುಶಿಲ್ಪಿ ಡೇವಿಡ್ ಲೇಂಗ್ ಗೋಪುರವನ್ನು ಮುಟ್ಟದೆ ಉಳಿದದ್ದನ್ನು ಹೊಸದಾಗಿ ಕಟ್ಟಲು ತೊಡಗಿ 1821ರಲ್ಲಿ ಮುಗಿಸಿದ. ಪಾಪ, ಹತ್ತಿರದಲ್ಲೇ ಅವನು ಕಟ್ಟಿದ್ದ ಕಸ್ಟಮ್ ಹೌಸ್ 1825ರಲ್ಲಿ ಅಡಿಪಾಯ ಕೈಕೊಟ್ಟು ಭಾಗಶಃ ಕುಸಿದು, ಅವನ ಹೆಸರಿಗೆ ಮಸಿ ಬಳಿಯಿತು. ಇಲ್ಲಿನ ಅವನ ಗೋಡೆಗಳು ಮಾತ್ರ ಬಾಂಬಿನ ಏಟನ್ನೂ ತಾಳಿದವು.

ಆ ಏಟು ಬಿದ್ದದ್ದು 1941ರಲ್ಲಿ, ಜರ್ಮನ್ ವೈಮಾನಿಕ ದಾಳಿಯಲ್ಲಿ. ಉಳಿದದ್ದು ರೆನ್‌ನ ಗೋಪುರ, ಲೇಂಗ್‌ನ ಗೋಡೆಗಳು. ಬಾಂಬಿಗೆ ತುತ್ತಾದ ಕೆಲವು ಚರ್ಚುಗಳನ್ನು ಹಾಗೆಯೇ ಯುದ್ಧ ಸ್ಮಾರಕವಾಗಿ ಬಿಡಿ ಎಂದು ಕವಿ ಟಿ.ಎಸ್. ಎಲಿಯಟ್, ಅರ್ಥಶಾಸ್ತ್ರಜ್ಞ ಕೇನ್ಸ್ ಮೊದಲಾದವರು 1944ರಲ್ಲೇ ‘ದಿ ಟೈಮ್ಸ್’ ಪತ್ರಿಕೆಗೆ ಬರೆದಿದ್ದರು. ಡನ್‌ಸ್ಟನ್ ಚರ್ಚನ್ನು ಮತ್ತೆ ಕಟ್ಟಲಿಲ್ಲ. 1967ರಲ್ಲಿ ಲಂಡನ್ ಸಿಟಿ ಕಾರ್ಪೊರೇಷನ್ ಅದನ್ನು ಉದ್ಯಾನ ಮಾಡಲು ನಿರ್ಧರಿಸಿತು; 1971ರಲ್ಲಿ ಬಾಗಿಲು ತೆರೆಯಿತು.

ಅದು ಸರಿಯಾದ ತೀರ್ಮಾನ. ಮತ್ತೆ ಕಟ್ಟಿದ್ದರೆ ಹಳೆಯದರಂತೆ ಕಾಣುವ ಹೊಸ ಕಟ್ಟಡವೊಂದು ಸಿಗುತ್ತಿತ್ತು, 1941ರ ರಾತ್ರಿಗಳ ಗುರುತು ಅಳಿಸಿಹೋಗುತ್ತಿತ್ತು. ನೆಲಸಮ ಮಾಡಿದ್ದರೆ ಇನ್ನೊಂದು ಕಚೇರಿ ಏಳುತ್ತಿತ್ತು. ಪಾಳನ್ನು ಪಾಳಾಗಿಯೇ ಉಳಿಸುವುದೂ ಸುಮ್ಮನೆ ಆಗುವ ಕೆಲಸವಲ್ಲ: ಕಲ್ಲು ಸಡಿಲವಾಗದಂತೆ, ಬಳ್ಳಿಯ ಬೇರು ಗಾರೆ ಸೀಳದಂತೆ ವರ್ಷವಿಡೀ ಕಾಯಬೇಕು. ಕಾಯುವ ಮನಸ್ಸಿಲ್ಲದಾಗ ಏನಾಗುತ್ತದೆಂಬುದಕ್ಕೆ ಅದೇ ಊರಿನ ಕ್ರೈಸ್ಟ್ ಚರ್ಚ್ ಗ್ರೇಫ್ರಯರ್ಸ್ ಇದೆ. ಅದೂ ರೆನ್ ಕಟ್ಟಿದ್ದೇ, ಅದೂ ಬಾಂಬಿಗೆ ಸಿಕ್ಕಿದ್ದೇ. ಯುದ್ಧದಲ್ಲಿ ಉಳಿದಿದ್ದ ಅದರ ಪೂರ್ವದ ಗೋಡೆಯನ್ನು ಆಮೇಲೆ ಕೆಡವಿದರು, ರಸ್ತೆ ಅಗಲ ಮಾಡಲು.